ಬೆಳ್ಳುಳ್ಳಿ: ಒಂದು ರಸ ಕಡಿಮೆಯಾದ ಮಹೌಷಧ

ಶ್ರೀಮಠಕ್ಕೆ ಬರುವ ಸದ್ಭಕ್ತರು ದಾಸೋಹ ಮುಗಿಸಿ ಆರೋಗ್ಯದ ವಿಚಾರವಾಗಿ ನಮ್ಮೊಡನೆ ಮಾತಿಗೆ ಕುಳಿತಾಗ ಬೆಳ್ಳುಳ್ಳಿಯ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಬೆಳ್ಳುಳ್ಳಿ ತಾಮಸ ಪದಾರ್ಥವೆಂದು ಯಾರೋ ಹೇಳಿದರು, ಮನೆಯಲ್ಲಿ ಪೂರ್ತಿ ಬಿಟ್ಟುಬಿಟ್ಟೆವು ಎನ್ನುವವರು ಒಂದು ಕಡೆ. ಪ್ರತಿದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನಾಲ್ಕು ಹಸಿ ಎಸಳು ನುಂಗುತ್ತಿದ್ದೇವೆ, ಇನ್ನು ರಕ್ತದೊತ್ತಡದ ಗುಳಿಗೆ ಬೇಕಾಗಿಲ್ಲ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರಿಗೆ ಅದು ದೋಷ, ಎರಡನೆಯವರಿಗೆ ಅದು ಸಂಜೀವಿನಿ. ಇವರಿಬ್ಬರ ನಡುವೆ ನಮ್ಮ ಅಜ್ಜಿಯರು ಅದನ್ನು ಅಡುಗೆಯಲ್ಲಿ ಬಳಸುತ್ತಿದ್ದ ಕ್ರಮ ಮರೆಯಾಗುತ್ತಿದೆ. ಆ ಕ್ರಮದಲ್ಲಿ ಎಷ್ಟು ವೈದ್ಯಶಾಸ್ತ್ರ ಅಡಗಿದೆಯೆಂಬುದನ್ನು ಭಕ್ತರ ಮುಂದಿಡಬೇಕೆಂದು ನಮಗೆ ಬಹಳ ದಿನಗಳಿಂದ ಅನಿಸುತ್ತಿತ್ತು.

ಬೆಳ್ಳಗಿರುವ ಉಳ್ಳಿ ಬೆಳ್ಳುಳ್ಳಿ. ಸಂಸ್ಕೃತದಲ್ಲಿ ಇದಕ್ಕೆ ಲಶುನ, ಉಗ್ರಗಂಧ, ಮಹೌಷಧ ಮೊದಲಾದ ಹೆಸರುಗಳಿವೆ. ಇವುಗಳಲ್ಲಿ ವೈದ್ಯರಿಗೆ ಹೆಚ್ಚು ಅರ್ಥಪೂರ್ಣವಾದದ್ದು ‘ರಸೋನ’. ರಸದಿಂದ ಊನವಾದದ್ದು, ಎಂದರೆ ಆರು ರಸಗಳಲ್ಲಿ ಒಂದು ಕಡಿಮೆ ಇರುವುದು ಎಂದು ಇದರ ತಾತ್ಪರ್ಯ. 16ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಈ ಗಿಡದ ಬೇರಿನಲ್ಲಿ ಕಟು, ಎಲೆಯಲ್ಲಿ ತಿಕ್ತ, ದಂಟಿನಲ್ಲಿ ಕಷಾಯ, ದಂಟಿನ ತುದಿಯಲ್ಲಿ ಲವಣ, ಬೀಜದಲ್ಲಿ ಮಧುರ ಎಂದು ಐದು ರಸಗಳನ್ನು ಗುರುತಿಸಿದ್ದಾನೆ. ಇಲ್ಲದಿರುವುದು ಆಮ್ಲ, ಅಂದರೆ ಹುಳಿ. ಸ್ನಿಗ್ಧ, ಉಷ್ಣ, ತೀಕ್ಷ್ಣ, ಗುರು ಎಂಬುವು ಇದರ ಗುಣಗಳು. ವಾತವನ್ನೂ ಕಫವನ್ನೂ ಶಮನಗೊಳಿಸುತ್ತದೆ. ಪಿತ್ತವನ್ನೂ ರಕ್ತವನ್ನೂ ಕೆರಳಿಸುತ್ತದೆ. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ನಾವು ಹೇಳುವುದರಲ್ಲಿ ಮುಕ್ಕಾಲು ಭಾಗ ತಾನಾಗಿಯೇ ಅರ್ಥವಾಗುತ್ತದೆ.

ಹುಳಿಯಿಲ್ಲದ ಈ ದ್ರವ್ಯವನ್ನು ಸೇವಿಸುವವನಿಗೆ ಮದ್ಯ, ಮಾಂಸ ಮತ್ತು ಆಮ್ಲ ಹಿತವೆಂದು ಭಾವಮಿಶ್ರನು ಹೇಳುತ್ತಾನೆ. ಮೊದಲೆರಡು ನಮಗೆ ಸಲ್ಲದವು; ಉಳಿಯುವುದು ಹುಳಿ. ಈಗ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಗಳ ಬಸ್ಸಾರನ್ನು ನೆನೆಯಿರಿ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ, ಕಾಯಿತುರಿ ರುಬ್ಬಿ ಬೆರೆಸುವಾಗ ಹುಣಸೆಹಣ್ಣು ತಪ್ಪುವುದಿಲ್ಲ. ಉಪ್ಪೆಸರಿನ ಖಾರದಲ್ಲಿಯೂ ಅಷ್ಟೇ: ಮೆಣಸಿನಕಾಯಿ, ಜೀರಿಗೆ, ಮೆಣಸು, ಬೆಳ್ಳುಳ್ಳಿಯ ಜೊತೆಗೆ ಒಂದಿಷ್ಟು ಹುಣಸೆ. ವೈದ್ಯಜೀವನ ಗ್ರಂಥದ ಪ್ರಸಿದ್ಧ ಲಶುನಾದಿ ವಟಿಯನ್ನು ನಿಂಬೆರಸದಲ್ಲಿ ಅರೆಯುತ್ತಾರೆ. ರಸೋನದಲ್ಲಿ ಇಲ್ಲದ ಆ ಒಂದು ರಸವನ್ನು ಔಷಧಾಲಯದಲ್ಲಿ ನಿಂಬೆ ತುಂಬಿಕೊಟ್ಟರೆ ಅಡುಗೆಮನೆಯಲ್ಲಿ ಹುಣಸೆ ತುಂಬಿಕೊಡುತ್ತದೆ. ಭಾವಪ್ರಕಾಶದ ಹೆಸರನ್ನೇ ಕೇಳಿರದ ಗೃಹಿಣಿಯರು ಇದನ್ನು ರೂಢಿಯಿಂದಲೇ ಮಾಡಿಕೊಂಡು ಬಂದಿದ್ದಾರೆ.

ಋತುವಿನ ವಿಷಯದಲ್ಲಿಯೂ ಹೀಗೆಯೇ. ವಾಗ್ಭಟನ ಅಷ್ಟಾಂಗಹೃದಯವು ಲಶುನವನ್ನು ರಸಾಯನ ದ್ರವ್ಯಗಳ ಸಾಲಿಗೆ ಸೇರಿಸಿದೆ. ಚಳಿಗಾಲ ಅದರ ಸೇವನೆಗೆ ಪ್ರಶಸ್ತ ಕಾಲವೆಂದೂ, ಕಫ ಹೆಚ್ಚಿದವರು ವಸಂತದಲ್ಲಿ, ವಾತಪೀಡಿತರು ಮಳೆಗಾಲದಲ್ಲಿ ಸೇವಿಸಬಹುದೆಂದೂ ಹೇಳಿದೆ. ನಮ್ಮ ಸೀಮೆಯಲ್ಲಿ ಮಾಗಿಯ ಚಳಿ ಎಂದರೆ ಅವರೆಕಾಯಿಯ ಸುಗ್ಗಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಸೇರುವ ಹೊತ್ತಿಗೆ ಸೊಗಡಿನ ಅವರೆ ಪ್ರತಿ ಮನೆಯಲ್ಲೂ ಬೇಯುತ್ತಿರುತ್ತದೆ. ಅವರೆ ರುಚಿಕರವಾದರೂ ವಾತಕಾರಕ. ಹೊಟ್ಟೆಯುಬ್ಬರ, ವಾಯು, ಕೀಲುನೋವಿನವರಿಗೆ ತೊಂದರೆ ಕೊಡುವುದು ಎಲ್ಲರ ಅನುಭವ. ಹಿತಕಿದ ಅವರೆಕಾಳಿನ ಸಾರಿಗೆ ಶುಂಠಿ, ಬೆಳ್ಳುಳ್ಳಿ ಧಾರಾಳವಾಗಿ ಬೀಳುವುದು ಕೇವಲ ಘಮಕ್ಕಲ್ಲ. ಶಾಸ್ತ್ರವು ಲಶುನವನ್ನು ತಿನ್ನಲು ಹೇಳಿದ ಋತು, ವಾತ ಕೆರಳಿಸುವ ಕಾಳಿನ ಋತು, ಎರಡೂ ಒಂದೇ ಆಗಿವೆ. ಹುರುಳಿ, ಅಲಸಂದೆಗೂ ಇದೇ ನ್ಯಾಯ. ರೂಕ್ಷ ಗುಣದ ರಾಗಿಮುದ್ದೆಗೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದ ಸಾರು, ಮೇಲೊಂದು ಚಮಚ ತುಪ್ಪ: ಇದಕ್ಕಿಂತ ಸಮತೋಲದ ಊಟವನ್ನು ನಾವು ಯಾವ ರೋಗಿಗೂ ಬರೆದುಕೊಟ್ಟಿಲ್ಲ.

ಬೆಳ್ಳುಳ್ಳಿಯ ಶಕ್ತಿ ಇರುವುದು ಅದನ್ನು ಜಜ್ಜುವುದರಲ್ಲಿ. ಸಿಪ್ಪೆ ಬಿಡಿಸಿದ ಇಡೀ ಎಸಳಿಗೆ ಹೇಳಿಕೊಳ್ಳುವಂತಹ ವಾಸನೆ ಇರುವುದಿಲ್ಲ ಎಂಬುದನ್ನು ತಾವು ಗಮನಿಸಿರಬಹುದು. ಎಸಳಿನ ಜೀವಕೋಶಗಳೊಳಗೆ ಆಲಿಯಿನ್ ಎಂಬ ಗಂಧಕಯುಕ್ತ ಪದಾರ್ಥವೂ ಅಲಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಜಜ್ಜಿದಾಗ ಕೋಣೆಗಳ ಗೋಡೆ ಒಡೆದು ಅವೆರಡೂ ಕೂಡಿ ಆಲಿಸಿನ್ ಉಂಟಾಗುತ್ತದೆ. ಮೂಗಿಗೆ ಬಡಿಯುವ ಘಾಟು ಅದರದ್ದೇ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು 1944ರಲ್ಲಿ ಇದನ್ನು ಬೇರ್ಪಡಿಸಿ, ಸೂಕ್ಷ್ಮಾಣುಗಳನ್ನು ತಡೆಯುವ ಗುಣ ಅದಕ್ಕಿದೆಯೆಂದು ತೋರಿಸಿದರು. ಕಾವಿಗೆ ಆ ಕಿಣ್ವ ಬಹುಬೇಗ ನಾಶವಾಗುತ್ತದೆ. ಆದ್ದರಿಂದ ಇಡೀ ಎಸಳನ್ನು ಹಾಗೆಯೇ ಕುದಿಯುವ ಸಾರಿಗೆ ಹಾಕಿದರೆ ರುಚಿ ಬರುತ್ತದೆ, ಔಷಧಿಯ ಅಂಶ ಕಡಿಮೆ. ಒರಳಿನಲ್ಲೋ ಚಾಕುವಿನ ಅಗಲದಲ್ಲೋ ಜಜ್ಜಿ ಹತ್ತು ನಿಮಿಷ ಬಿಟ್ಟು ಅನಂತರ ಒಲೆಯ ಮೇಲಿಟ್ಟರೆ ಆ ಹೊತ್ತಿಗೆ ಆಗಬೇಕಾದ ಕೆಲಸ ಆಗಿರುತ್ತದೆ. ಬಿಸಿಯಾದ ಮೇಲೂ ಒಂದಂಶ ಉಳಿಯುತ್ತದೆ. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿಟ್ಟು ಆಮೇಲೆ ಎಣ್ಣೆ ಕಾಯಿಸುವ ಹಳೆಯ ಪದ್ಧತಿ ಸರಿಯಾದದ್ದು. ಎಸಳು ಕಂದು ಬಣ್ಣಕ್ಕೆ ಬರುವ ಮೊದಲೇ ಸಾರಿಗೆ ಸುರಿಯಬೇಕು. ಕರಕಾದ ಬೆಳ್ಳುಳ್ಳಿ ಕಹಿ, ಹೊಟ್ಟೆಗೂ ಒಳ್ಳೆಯದಲ್ಲ.

2024ರ ಕೊನೆಯಲ್ಲಿ ಬೆಳ್ಳುಳ್ಳಿಯ ಬೆಲೆ ಕಿಲೋಗೆ 400 ರೂಪಾಯಿ ಮುಟ್ಟಿದಾಗ ಅನೇಕರು ಅಂಗಡಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟಿಗೆ ಮರುಳಾದರು. ಬೆಲೆ ಇಳಿದರೂ ಪೇಸ್ಟು ಮನೆಬಿಟ್ಟು ಹೋಗಲಿಲ್ಲ. ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದ ಅದರಿಂದ ಅಡುಗೆಗೆ ಪರಿಮಳ ಸಿಗಬಹುದು, ನಾವು ಮೇಲೆ ಹೇಳಿದ ಗುಣವನ್ನು ನಿರೀಕ್ಷಿಸಬೇಡಿ. ನಾಟಿ ಬೆಳ್ಳುಳ್ಳಿಯ ಎಸಳು ಚಿಕ್ಕದು, ಬಿಡಿಸುವುದು ತ್ರಾಸ, ಘಾಟು ಹೆಚ್ಚು. ದಪ್ಪ ಎಸಳಿನದು ಸೌಮ್ಯ. ಎರಡೂ ಆಗಬಹುದು. ಒಂಟಿ ಎಸಳಿನ ಬೆಳ್ಳುಳ್ಳಿಗೆ ದುಬಾರಿ ಬೆಲೆ ಕೊಟ್ಟು ತರುವವರಿದ್ದಾರೆ, ಆ ಹಣವನ್ನು ಒಳ್ಳೆಯ ತುಪ್ಪಕ್ಕೆ ಖರ್ಚು ಮಾಡುವುದು ಮೇಲು. ಮೊಳಕೆಯೊಡೆದ ಎಸಳು ವಿಷವಲ್ಲ. ಒಳಗಿನ ಹಸಿರು ಮೊಳಕೆಯನ್ನು ತೆಗೆದು ಬಳಸಬಹುದು. ಔಷಧಕ್ಕಾಗಿ ಶೋಧಿಸುವಾಗಲೂ ನಾವು ಆ ಮೊಳಕೆ ತೆಗೆದು, ಎಸಳುಗಳನ್ನು ಒಂದು ರಾತ್ರಿ ಮಜ್ಜಿಗೆಯಲ್ಲಿ ನೆನೆಯಿಡುತ್ತೇವೆ. ಇದರಿಂದ ಉಗ್ರಗಂಧ ತಗ್ಗುತ್ತದೆ, ತೀಕ್ಷ್ಣತೆಯೂ ಹದಕ್ಕೆ ಬರುತ್ತದೆ.

ಬಾಣಂತಿಯ ಊಟದಲ್ಲಿ ಬೆಳ್ಳುಳ್ಳಿಗೆ ಮೊದಲ ಸ್ಥಾನ. ಹೆರಿಗೆಯಾದ ಮೇಲೆ ವಾತ ಪ್ರಕೋಪಗೊಂಡಿರುತ್ತದೆ, ಅಗ್ನಿ ಮಂದವಾಗಿರುತ್ತದೆ. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಬಿಸಿ ಅನ್ನ ಕೊಡುವ ನಮ್ಮ ಪದ್ಧತಿ ಎರಡನ್ನೂ ನೋಡಿಕೊಳ್ಳುತ್ತದೆ. ತಾಯಿ ಬೆಳ್ಳುಳ್ಳಿ ತಿಂದರೆ ಹಾಲು ವಾಸನೆ ಹೊಡೆದು ಮಗು ಕುಡಿಯುವುದಿಲ್ಲವೆಂದು ಹೆದರುವ ಹೊಸ ತಾಯಂದಿರಿದ್ದಾರೆ. ಫಿಲಡೆಲ್ಫಿಯದ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳ್ಳುಳ್ಳಿಯ ವಾಸನೆ ಹಾಲಿಗೆ ಬರುವುದು ನಿಜವೆಂದೂ, ಆಗ ಕೂಸುಗಳು ಮೊಲೆಯನ್ನು ಬಿಡದೆ ಇನ್ನೂ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದವೆಂದೂ ಕಂಡುಬಂತು. ಅಜ್ಜಿ ಕೊಟ್ಟದ್ದನ್ನು ನಿಶ್ಚಿಂತೆಯಿಂದ ತಿನ್ನಬಹುದು. ಆದರೆ ಬಾಣಂತಿಗೆ ರಕ್ತಸ್ರಾವ ಹೆಚ್ಚಿದ್ದರೆ, ಎದೆಯುರಿ, ಬಾಯಿಹುಣ್ಣು ಇದ್ದರೆ ಬೆಳ್ಳುಳ್ಳಿಯನ್ನೂ ಖಾರವನ್ನೂ ಹಿಂದೆಗೆಯಬೇಕು. ಪದ್ಧತಿಯೆಂದು ಹಟ ಹಿಡಿಯುವುದು ತರವಲ್ಲ.

ಇನ್ನು ರಕ್ತದೊತ್ತಡದ ವಿಚಾರ. ಈ ಲೇಖನ ಬರೆಯಲು ಮುಖ್ಯ ಪ್ರೇರಣೆಯೂ ಇದೇ.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುವ, ಐವತ್ತು ದಾಟಿದ ಭಕ್ತರೊಬ್ಬರಿಗೆ ಹಲವು ವರ್ಷಗಳಿಂದ ರಕ್ತದೊತ್ತಡವಿತ್ತು. ಗುಳಿಗೆ ನುಂಗುತ್ತಿದ್ದರು, ಹತೋಟಿಯಲ್ಲಿತ್ತು. ಮೊಬೈಲಿನಲ್ಲಿ ಬಂದ ಒಂದು ಸಂದೇಶ ನೋಡಿ ಹಸಿ ಬೆಳ್ಳುಳ್ಳಿ ಆರಂಭಿಸಿದರು. ‘ಗುಳಿಗೆ ಅಂದ್ರೆ ಬದುಕಿರೋವರೆಗೂ ನುಂಗಬೇಕು, ಇದಾದ್ರೆ ಮನೇಲೇ ಇರೋದು’ ಎಂದು ಮನೆಯವರಿಗೆ ಹೇಳಿ ಗುಳಿಗೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟರಂತೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಎಲ್ಲ ಸರಿಯಿದೆ ಎಂದೇ ಭಾವಿಸಿದ್ದರು. ಮೂರನೆಯ ತಿಂಗಳು ಒಂದು ಮುಂಜಾನೆ ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು. ಮನೆಯವರು ತಡಮಾಡದೆ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು. ಈಗ ನಡೆದಾಡುತ್ತಾರೆ, ಮಾತು ಬಂದಿದೆ. ಆದರೆ ಕಡಿದ ಎಳೆಗೆ ಗಂಟು ಹಾಕಲು ಬೆರಳು ಕೂಡುವುದಿಲ್ಲ, ಮಗ್ಗದ ಮುಂದೆ ಈಗ ಮಗ ನಿಲ್ಲುತ್ತಾನೆ. ಬೆಳ್ಳುಳ್ಳಿ ತಿಂದರೂ ರೋಗ ಹೋಗಲಿಲ್ಲ ಎಂಬ ಹಳೆಯ ಸಂಸ್ಕೃತ ಲೋಕನ್ಯಾಯವೊಂದಿದೆ. ಅದನ್ನು ಆ ಭಕ್ತರ ಮನೆಯಲ್ಲಿ ಕುಳಿತಾಗ ನೆನೆದು ನಮಗೆ ಬಹಳ ವ್ಯಥೆಯಾಯಿತು.

ಬೆಳ್ಳುಳ್ಳಿಗೆ ರಕ್ತದೊತ್ತಡ ತಗ್ಗಿಸುವ ಗುಣ ಇಲ್ಲವೇ? ಇದೆ. ಅಧಿಕ ರಕ್ತದೊತ್ತಡವುಳ್ಳವರಲ್ಲಿ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೇಲಿನ ಅಂಕಿ ಸರಾಸರಿ 8 ಮಿ.ಮೀ. ಆಸುಪಾಸು ಇಳಿದದ್ದು ಕಂಡಿದೆ. ಆ ಪ್ರಯೋಗಗಳಲ್ಲಿ ಬಹುಪಾಲು ಹಸಿ ಎಸಳನ್ನು ಕೊಟ್ಟು ಮಾಡಿದವಲ್ಲ. ಪ್ರಮಾಣ ನಿಗದಿಪಡಿಸಿದ ಪುಡಿ ಅಥವಾ ಸಾರದ ಗುಳಿಗೆಗಳನ್ನು ವಾರಗಟ್ಟಲೆ ಕೊಟ್ಟು ನೋಡಿದವು. 180 ಇರುವವರಿಗೆ 8 ಇಳಿದರೆ 172. ಅಪಾಯ ಇದ್ದಲ್ಲಿಯೇ ಇದೆ. ಕೊಲೆಸ್ಟ್ರಾಲ್ ವಿಷಯದಲ್ಲಿಯೂ ಪ್ರಯೋಜನ ಅಲ್ಪ. ಆದ್ದರಿಂದ ಗುಳಿಗೆಯೊಂದಿಗೆ ಅಡುಗೆಯ ಬೆಳ್ಳುಳ್ಳಿ ಇರಲಿ, ಉಪ್ಪು ಕಡಿಮೆಯಿರಲಿ, ಮುಂಜಾನೆಯ ನಡಿಗೆ ಇರಲಿ. ಗುಳಿಗೆ ಕಡಿಮೆ ಮಾಡಬೇಕೇ ಬೇಡವೇ ಎಂಬುದನ್ನು ತಿಂಗಳಿಗೊಮ್ಮೆ ಅಳತೆ ನೋಡಿ ನಿಮ್ಮ ವೈದ್ಯರೇ ತೀರ್ಮಾನಿಸಲಿ. ಆಯುರ್ವೇದ ವೈದ್ಯರಾಗಿ ನಾವು ಇದನ್ನು ಹೇಳುತ್ತಿರುವುದರಿಂದ ಇದರಲ್ಲಿ ಪಕ್ಷಪಾತವಿದೆಯೆಂದು ಯಾರೂ ಭಾವಿಸಲಾರರು.

ಹಸಿ ಬೆಳ್ಳುಳ್ಳಿಯನ್ನು ಬರಿಹೊಟ್ಟೆಯಲ್ಲಿ ನುಂಗುವುದು ಯಾರಿಗೆ ಒಗ್ಗುವುದಿಲ್ಲ? ಮೊದಲಿಗೆ ಪಿತ್ತ ಪ್ರಕೃತಿಯವರಿಗೆ. ಹುಳಿತೇಗು, ಎದೆಯುರಿ, ಜಠರದ ಹುಣ್ಣು, ಮೂಗಿನಲ್ಲಿ ರಕ್ತ, ರಕ್ತಮೂಲವ್ಯಾಧಿ, ಮೈಮೇಲೆ ಉರಿಯುವ ಗುಳ್ಳೆಗಳಿರುವವರು ಅದರ ಗೋಜಿಗೆ ಹೋಗಬಾರದು. ಬೇಸಿಗೆಯಲ್ಲಿ ಎಲ್ಲರೂ ಮಿತಿಗೊಳಿಸುವುದು ಲೇಸು. ಗರ್ಭಿಣಿಯರು ಅಡುಗೆಯಲ್ಲಿ ಬಂದಷ್ಟನ್ನು ತಿಂದರೆ ಸಾಕು, ಔಷಧಿಯ ಪ್ರಮಾಣ ಬೇಡ. ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟುವುದನ್ನು ತುಸು ನಿಧಾನಗೊಳಿಸುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರು, ವಾರ್ಫರಿನ್ ತೆಗೆದುಕೊಳ್ಳುವವರು ಹಸಿ ಬೆಳ್ಳುಳ್ಳಿಯನ್ನಾಗಲಿ ಅದರ ಕ್ಯಾಪ್ಸೂಲನ್ನಾಗಲಿ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಹಲ್ಲು ಕೀಳಿಸುವುದಿದ್ದರೂ ಕಣ್ಣಿನ ಪೊರೆ ತೆಗೆಸುವುದಿದ್ದರೂ ಬೇರಾವ ಶಸ್ತ್ರಚಿಕಿತ್ಸೆಯಿದ್ದರೂ, ಬೆಳ್ಳುಳ್ಳಿಯನ್ನು ಔಷಧಿಯಂತೆ ತಿನ್ನುತ್ತಿದ್ದೇವೆಂದು ಮುಂಚಿತವಾಗಿ ಹೇಳಬೇಕು. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಮೊದಲೇ ನಿಲ್ಲಿಸಲು ಸೂಚಿಸುತ್ತಾರೆ. ಸಾರಿನಲ್ಲಿ ಬಿದ್ದ ನಾಲ್ಕು ಎಸಳಿಗೆ ಇಷ್ಟೆಲ್ಲ ಭಯ ಬೇಡ.

ಔಷಧಿಯಾಗಿ ಸೇವಿಸಬೇಕೆನ್ನುವವರಿಗೆ ಸೌಮ್ಯವಾದ ದಾರಿ ಲಶುನ ಕ್ಷೀರಪಾಕ. ಚರಕಸಂಹಿತೆಯ ಗುಲ್ಮ ಚಿಕಿತ್ಸೆಯಲ್ಲಿ ಹಾಲು, ನೀರಿನೊಂದಿಗೆ ಲಶುನವನ್ನು ಬೇಯಿಸಿ ಕುಡಿಯುವ ಯೋಗವಿದೆ. ವಾತಗುಲ್ಮ, ಹೊಟ್ಟೆಯುಬ್ಬರ, ಗೃಧ್ರಸಿ ಎಂದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವು, ವಿಷಮಜ್ವರ, ಹೃದ್ರೋಗಗಳಲ್ಲಿ ಅದು ಹಿತವೆಂದಿದೆ. ನಾವು ಬಳಸುವ ಪ್ರಮಾಣ ಹೀಗಿದೆ: ಮಜ್ಜಿಗೆಯಲ್ಲಿ ನೆನೆಸಿ ತೊಳೆದ ಬೆಳ್ಳುಳ್ಳಿ 5 ಗ್ರಾಂ, ಅಂದರೆ ನಾಟಿಯದಾದರೆ ನಾಲ್ಕೈದು ಎಸಳು, ಜಜ್ಜಿಕೊಳ್ಳಬೇಕು. ಅದಕ್ಕೆ 40 ಮಿ.ಲೀ. ಹಾಲು, 160 ಮಿ.ಲೀ. ನೀರು ಸೇರಿಸಿ ಸಣ್ಣ ಉರಿಯಲ್ಲಿ ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವವರೆಗೆ ಕಾಯಿಸಬೇಕು. ಸೋಸಿ, ಬೆಚ್ಚಗಿರುವಾಗ ರಾತ್ರಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿಯಬೇಕು. ಚಳಿಗಾಲದಲ್ಲಿ ಎರಡು ವಾರ ಮಾಡಿ ನಿಲ್ಲಿಸಿ. ಮಗ್ಗದ ಮುಂದೆ ಇಡೀ ದಿನ ನಿಂತು ಸೊಂಟ ಹಿಡಿದವರಿಗೆ, ರಾತ್ರಿ ಪಾಳಿಯಲ್ಲಿ ಚಳಿಗೆ ಮೈಯೊಡ್ಡಿ ಕೀಲು ಬಿಗಿಯುವವರಿಗೆ ಇದರಿಂದ ಸಮಾಧಾನ ಸಿಕ್ಕಿದ್ದನ್ನು ಕಂಡಿದ್ದೇವೆ.

ಇಲ್ಲೊಂದು ಸಂದೇಹ ಏಳಬಹುದು. ಬೆಳ್ಳುಳ್ಳಿ ತಿನ್ನುವವನಿಗೆ ಹಾಲು, ಬೆಲ್ಲ, ಅತಿಯಾದ ನೀರು, ಬಿಸಿಲು, ವ್ಯಾಯಾಮ, ಸಿಟ್ಟು ಇವು ವರ್ಜ್ಯವೆಂದು ಭಾವಪ್ರಕಾಶ ಹೇಳಿದೆ. ಚರಕರು ಹಾಲಿನಲ್ಲಿಯೇ ಬೇಯಿಸಲು ಹೇಳಿದ್ದಾರೆ. ಹಸಿ ಬೆಳ್ಳುಳ್ಳಿ ತಿಂದು ಮೇಲೆ ಹಾಲು ಕುಡಿಯುವುದು ಬೇರೆ, ನೀರು ಬೆರೆಸಿದ ಹಾಲಿನಲ್ಲಿ ಬೇಯಿಸಿ ಸೋಸಿ ಕುಡಿಯುವುದು ಬೇರೆ ಎಂಬುದು ನಮ್ಮ ಅಭಿಪ್ರಾಯ. ಸಂಸ್ಕಾರದಿಂದ ದ್ರವ್ಯದ ಗುಣ ಮಾರ್ಪಡುತ್ತದೆಯೆಂಬುದು ಆಯುರ್ವೇದದ ಮೂಲ ತತ್ತ್ವಗಳಲ್ಲೊಂದು. ಸಿಟ್ಟನ್ನೂ ಆ ಪಟ್ಟಿಗೆ ಸೇರಿಸಿದ ಆಚಾರ್ಯರ ಸೂಕ್ಷ್ಮತೆಗೆ ನಾವು ಪ್ರತಿಸಲವೂ ತಲೆದೂಗುತ್ತೇವೆ.

ಹೊರಗಿನ ಲೇಪದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ, ಓಂಕಾಳು ಕಾಯಿಸಿ ಸೋಸಿ ಕೀಲಿಗೆ ಹಚ್ಚಿ ಬಿಸಿನೀರಿನ ಶಾಖ ಕೊಡುವುದು ಒಳ್ಳೆಯದು. ಆದರೆ ಹಸಿ ಬೆಳ್ಳುಳ್ಳಿಯನ್ನು ಅರೆದು ಮಂಡಿಗೋ ಕಾಲ್ಬೆರಳಿಗೋ ರಾತ್ರಿಯೆಲ್ಲ ಕಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಸುಟ್ಟದ್ದು ಬೆಳಗಾಗುವವರೆಗೆ ತಿಳಿಯುವುದೇ ಇಲ್ಲ. ಕಿವಿ ನೋಯುತ್ತದೆಂದು ಮಕ್ಕಳ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ತಮಟೆ ತೂತಾಗಿದ್ದರೆ ಎಣ್ಣೆ ಮಧ್ಯಕಿವಿಗೆ ಇಳಿಯುತ್ತದೆ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಸೀಸೆಯಲ್ಲಿ ತುಂಬಿ ಹೊರಗೇ ಇಡುವುದೂ ಅಪಾಯ. ಗಾಳಿಯಿಲ್ಲದ ಕಡೆ ಬೆಳೆಯುವ ಬೊಟುಲಿನಂ ಎಂಬ ಸೂಕ್ಷ್ಮಾಣು ಅದರಲ್ಲಿ ವಿಷ ಹುಟ್ಟಿಸಬಲ್ಲದು; 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇಂತಹ ಎಣ್ಣೆಯಿಂದಲೇ ಹಲವರು ಅಸ್ವಸ್ಥರಾದರು. ನಮ್ಮ ಉಪ್ಪಿನಕಾಯಿಯಲ್ಲಿ ಹುಳಿಯೂ ಉಪ್ಪೂ ಸಾಕಷ್ಟಿರುವುದರಿಂದ ಆ ಭಯ ಕಡಿಮೆ. ಇಲ್ಲಿಯೂ ಆಮ್ಲವೇ ರಕ್ಷಕ.

ತಾಮಸದ ಪ್ರಶ್ನೆಯನ್ನು ಕೊನೆಗಿಟ್ಟುಕೊಂಡಿದ್ದೇವೆ. ಆಹಾರದ ಗುಣ ಹೇಳುವಾಗ ನಮ್ಮ ಶಾಸ್ತ್ರ ನೋಡುವುದು ಮುಖ್ಯವಾಗಿ ರಸ, ಗುಣ, ವೀರ್ಯ, ವಿಪಾಕಗಳನ್ನು. ಪೂಜೆ, ವ್ರತ, ಸಾಧನೆಯ ದೃಷ್ಟಿಯಿಂದ ಬಿಡಬೇಕೋ ಬೇಡವೋ ಎಂಬುದನ್ನು ಭಕ್ತರು ತಮ್ಮ ಗುರುಗಳನ್ನು ಕೇಳಬೇಕು, ವೈದ್ಯರನ್ನಲ್ಲ. ಈ ಇಕ್ಕಟ್ಟು ಹೊಸದೂ ಅಲ್ಲ. 1890ರಲ್ಲಿ ಮಧ್ಯ ಏಷ್ಯಾದ ಕೂಚಾ ಎಂಬಲ್ಲಿ ಬೋವರ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಗೆ ಭೂರ್ಜಪತ್ರದ ಸಂಸ್ಕೃತ ಹಸ್ತಪ್ರತಿಯೊಂದು ದೊರೆಯಿತು. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯ ಆ ಪ್ರತಿಯ ಮೊದಲ ಭಾಗವೇ ಲಶುನಕಲ್ಪ. ಬೆಳ್ಳುಳ್ಳಿ ತಿನ್ನದ ಬ್ರಾಹ್ಮಣನಿಗೆ ಅದರ ಪ್ರಯೋಜನ ದೊರಕಿಸುವ ಉಪಾಯವೂ ಅದರಲ್ಲಿದೆ: ಮೂರು ದಿನ ಹಸುವಿಗೆ ಮೇವು ಕಡಿಮೆ ಮಾಡಿ, ಅನಂತರ ಹುಲ್ಲಿನೊಡನೆ ಬೆಳ್ಳುಳ್ಳಿಯ ದಂಟು ಬೆರೆಸಿ ತಿನ್ನಿಸಿ, ಅದರ ಹಾಲು, ಮೊಸರು, ತುಪ್ಪ ಸೇವಿಸುವುದು. ದನ ಹೊಟ್ಟೆಯುಬ್ಬರಿಸಿದಾಗ ಬೆಳ್ಳುಳ್ಳಿ, ಮೆಣಸು, ಉಪ್ಪು ಅರೆದು ಗೊಟ್ಟದಲ್ಲಿ ಕುಡಿಸುವ ನಮ್ಮ ರೈತರಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಾರೆ.

ಮನೆತನದ ಆಚಾರದಿಂದಲೋ ವ್ರತದಿಂದಲೋ ಬೆಳ್ಳುಳ್ಳಿ ಮುಟ್ಟದ ಭಕ್ತರು ಆರೋಗ್ಯ ಕಳೆದುಕೊಳ್ಳುತ್ತೇವೆಂದು ಚಿಂತಿಸಬೇಕಾಗಿಲ್ಲ. ಅವರೆ, ಹುರುಳಿ ಬೇಯಿಸುವಾಗ ಚಿಟಿಕೆ ಇಂಗನ್ನು ತುಪ್ಪದಲ್ಲಿ ಅರಳಿಸಿ ಹಾಕಲಿ. ಬಾಣಂತಿಗೆ ಒಣಶುಂಠಿ, ಮೆಣಸು, ಹಿಪ್ಪಲಿ ಸೇರಿದ ಖಾರವನ್ನು ತುಪ್ಪದಲ್ಲಿ ಕಲಸಿ ಕೊಡಲಿ. ಹೊಟ್ಟೆಯುಬ್ಬರಕ್ಕೆ ಅರ್ಧ ಚಮಚ ಓಂಕಾಳನ್ನು ಹುರಿದು, ಚಿಟಿಕೆ ಸೈಂಧವ ಲವಣದೊಡನೆ ಜಗಿದು ಬಿಸಿನೀರು ಕುಡಿಯಲಿ. ಊಟವಾದ ಮೇಲೆ, ದಿನಕ್ಕೆ ಎರಡು ಸಲ, ಮೂರು ದಿನ. ನಾಲ್ಕನೆಯ ದಿನವೂ ಹೊಟ್ಟೆ ಬಿಗಿದೇ ಇದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರ ಬಳಿಗೆ ಬರಲಿ.